ಮೊಟಕಿ ನೋಡುವ ರಾಜ

"ಗುರುಗಳೇ, ಕತೆಯೊಳಗಿನ ಮನುಷ್ಯ ಕತೆ ಕಟ್ಟಿದವನ ಮಾತು ಕೇಳಬೇಕೋ ಬೇಡವೋ?"

ಕೇಳಿದವನು ಶಿಷ್ಯ. ಊರೂರು ತಿರುಗಿ ಕತೆ ಹೇಳುವುದು ಅವನ ಕಸುಬು. ಸಂಸಾರಸ್ಥ. ವರ್ಷಕ್ಕೊಮ್ಮೆ ಗುರುಗಳ ಹತ್ತಿರ ಬಂದು ಕೆಲವು ದಿನ ಇದ್ದು ಹೋಗುತ್ತಿದ್ದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಏನಾಯಿತು?"

"ನನ್ನ ಕತೆಯಲ್ಲಿ ಒಬ್ಬ ವ್ಯಾಪಾರಿ ಇದ್ದಾನೆ. ಕಲ್ಲೆದೆಯವನು. ಕೊನೆಗೆ ಒಳ್ಳೆಯವನಾಗುತ್ತಾನೆ. ಅಲ್ಲಿಯವರೆಗೂ ಜನ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಅವನು ಒಳ್ಳೆಯವನಾದ ಕೂಡಲೇ ಚಾಪೆ ಕೊಡವಿ ಏಳುತ್ತಾರೆ. ಮೊನ್ನೆ ಒಬ್ಬಳು ಮುದುಕಿ ಎಲ್ಲರ ಎದುರಿಗೇ ಕೇಳಿಬಿಟ್ಟಳು. 'ಅಯ್ಯಾ, ಇವನು ಯಾರ ಮನೆ ಮಗ? ಇವನನ್ನ ಯಾರು ಉಣ್ಣಿಸಿ ಬೆಳೆಸಿದರು? ಅದನ್ನ ಹೇಳದೆ ಒಳ್ಳೆಯವನಾದ ಅಂದರೆ ನಾನು ಹೆಂಗೆ ನಂಬಲಿ?' ಎಲ್ಲರೂ ನಕ್ಕರು. ಅವನನ್ನು ಹುಟ್ಟಿಸಿದವನು ನಾನು, ಗುರುಗಳೇ. ಅವನು ಏನಾಗಬೇಕು ಅಂತ ಹೇಳುವ ಅಧಿಕಾರ ನನಗಿಲ್ಲವೇ?"

"ಹುಟ್ಟಿಸಿದವನು ನೀನು. ಬೆಳೆಸಿದ್ದು ಯಾರು?"

"ಕತೆಯ ಮನುಷ್ಯನನ್ನು ಬೆಳೆಸುವುದೇನು ಬಂತು? ಅವನು ಬರುವಾಗಲೇ ಮೀಸೆ ಹೊತ್ತುಕೊಂಡು ಬರುತ್ತಾನೆ."

"ಮನೆಯಲ್ಲಿ ಈ ಕತೆ ಹೇಳಿದ್ದೀಯಾ?"

"ಹೇಳಿದ್ದೇನೆ. ಹೆಂಡತಿ ಕೇಳುತ್ತಾಳೆ. ಮಗ ಮಾತ್ರ ನಾನು ಬಾಯಿ ತೆರೆದರೆ ಎದ್ದು ಹೋಗುತ್ತಾನೆ. ಅವನಿಗೆ ಸ್ವಲ್ಪ ಮಂಕು. ತಲೆಗೆ ಏನೂ ಹತ್ತುವುದಿಲ್ಲ." ಶಿಷ್ಯ ನಕ್ಕ.

ಗುರುಗಳು ನಗಲಿಲ್ಲ. ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಒಂದು ಕತೆ ಹೇಳುತ್ತೇನೆ. ಹೂಂ ಅನ್ನುತ್ತಾ ಕೇಳು. ಎಲ್ಲಿ ಹೂಂ ಅನ್ನಲು ಆಗುವುದಿಲ್ಲವೋ ಅಲ್ಲಿ ಅನ್ನಬೇಡ."

"ಹೂಂ," ಅಂದ ಶಿಷ್ಯ.

ಒಬ್ಬ ಕುಂಬಾರ ಇದ್ದ. ಕೈ ಒಳ್ಳೆಯದು. ಮಾತು ಕಡಿಮೆ. ಅವನ ಗಡಿಗೆಯ ನೀರು ಕಡುಬೇಸಿಗೆಯಲ್ಲೂ ತಣ್ಣಗಿರುತ್ತದೆ ಎಂದು ಸುತ್ತಲಿನವರು ಹೇಳುತ್ತಿದ್ದರು. ಅವನಿಗೆ ಒಬ್ಬಳು ಹೆಂಡತಿ, ಒಬ್ಬಳು ಮಗಳು, ಮಗಳಿಗಿಂತ ಚಿಕ್ಕವನು ಒಬ್ಬ ಮಗ.

ಆವಿಗೆಯಲ್ಲಿ ಸುಟ್ಟ ಗಡಿಗೆಗಳನ್ನು ಹೊರಗೆ ತೆಗೆದ ಮೇಲೆ ಕುಂಬಾರ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಮೊಟಕಿ ನೋಡುತ್ತಾನೆ. ಗಟ್ಟಿ ಗಡಿಗೆ ಠಣ್ ಅನ್ನುತ್ತದೆ. ಒಡಕು ಗಡಿಗೆ ಬೊದ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ಎಲ್ಲ ಕುಂಬಾರರೂ ಮಾಡುವುದೇ ಇದು. ಇವನಿಗೆ ಮಾತ್ರ ಅದು ಕೈಗೆ ಅಂಟಿಕೊಂಡುಬಿಟ್ಟಿತ್ತು. ಕುಂಬಳಕಾಯಿ ಕಂಡರೂ ಮೊಟಕುವುದು. ಬಾಗಿಲ ಚೌಕಟ್ಟು ಕಂಡರೂ ಮೊಟಕುವುದು. ಮಗ ಎದುರಿಗೆ ಬಂದರೆ ಮಗನ ತಲೆಗೂ ಮೊಟಕುವುದು.

ನೋಯುವ ಹಾಗಲ್ಲ. ತಮಾಷೆಗೆ.

ಸಂತೆಯಲ್ಲಿ ಅವನು ಒಂದು ಗಡಿಗೆ ಎತ್ತಿ ಮೊಟಕುತ್ತಿದ್ದ. "ಕೇಳಿದಿರಾ? ಠಣ್ ಅನ್ನುತ್ತೆ." ಪಕ್ಕದಲ್ಲಿ ಹುಲ್ಲು ಹಾಸುತ್ತಿದ್ದ ಮಗನ ತಲೆಗೆ ಅದೇ ಗೆಣ್ಣಿನಿಂದ ಮೊಟಕುತ್ತಿದ್ದ. "ಇದು ನೋಡಿ. ಒಡಕು."

"ಹಂಗಾದ್ರೆ ಒಡಕನ್ನ ಕೊಸರಿಗೆ ಕೊಟ್ಟುಬಿಡು ಮಾರಾಯ," ಎನ್ನುತ್ತಿದ್ದರು ಕೊಳ್ಳುವವರು.

"ಹೊತ್ತುಕೊಂಡು ಹೋಗ್ತೀನಿ ಅಂದ್ರೆ ಜೊತೆಗೆ ಒಂದು ಕುಡಿಕೆ ನಾನೇ ಕೊಡ್ತೀನಿ."

ಜನ ನಗುತ್ತಿದ್ದರು. ಗಡಿಗೆ ಖರ್ಚಾಗುತ್ತಿತ್ತು. ಹುಡುಗನೂ ನಗುತ್ತಿದ್ದ. ಹುಡುಗ ನಗುತ್ತಾನಲ್ಲ ಎಂದು ಕುಂಬಾರನಿಗೆ ಅದು ತಮಾಷೆಯೇ ಅನ್ನಿಸಿತ್ತು.

ಶಿಷ್ಯ ಹೂಂ ಅಂದ. ಸ್ವಲ್ಪ ತಡವಾಗಿ ಅಂದ.

ಗುರುಗಳು ಮುಂದುವರಿಸಿದರು.

ಆ ಮನೆಯ ಹಿತ್ತಲಿನಲ್ಲಿ ಮಣ್ಣಿನ ಗುಂಡಿ ಇತ್ತು. ಕೆರೆಯಿಂದ ತಂದ ಮಣ್ಣನ್ನು ಅದರಲ್ಲಿ ನೆನೆಸಿ, ಮರಳು ಬೆರೆಸಿ, ಕಾಲಿನಿಂದ ತುಳಿಯಬೇಕು. ಬೆಣ್ಣೆಯಾಗುವ ತನಕ ತುಳಿಯಬೇಕು. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಗಡಿಗೆ ಆವಿಗೆಯಲ್ಲಿ ಬಿರಿಯುತ್ತದೆ. ತುಳಿಯುವುದು ಮಕ್ಕಳ ಕೆಲಸ. ಬೇಸರದ ಕೆಲಸ. ಅದಕ್ಕೇ ಕುಂಬಾರನ ಹೆಂಡತಿ ಗುಂಡಿಯ ಅಂಚಿನಲ್ಲಿ ಕೂತು, ಮಣ್ಣಿನ ಹೆಂಟೆಯಿಂದ ಕಲ್ಲು ಆರಿಸುತ್ತಾ ಮಕ್ಕಳಿಗೆ ಕತೆ ಹೇಳುತ್ತಿದ್ದಳು. ಒಂದೇ ಕತೆ. ವರ್ಷಗಟ್ಟಲೆ ಅದೇ ಕತೆ ಬೆಳೆಯುತ್ತಾ ಹೋಯಿತು. ಅವಳು ಒಂದು ಮಾತು ಹೇಳಿದರೆ ಮಕ್ಕಳು ಹೂಂ ಅಂದು ಕಾಲು ಊರುತ್ತಿದ್ದರು. ಇನ್ನೊಂದು ಮಾತು, ಇನ್ನೊಂದು ಹೂಂ, ಇನ್ನೊಂದು ಕಾಲು. ಆ ಸೀಮೆಯ ರೂಢಿ ಅದು. ಹೇಳುವವರು ಹೇಳಬೇಕು, ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆ ನಿಂತ ಹಾಗೆ.

ಪಕ್ಕದ ಮನೆಯವಳು ಬೇಲಿಯಾಚೆಯಿಂದ ಒಮ್ಮೆ ರೇಗಿಸಿದಳು. "ಹಗಲು ಹೊತ್ತು ಕತೆ ಹೇಳ್ತೀಯಲ್ಲೇ. ಮಕ್ಕಳ ಸೋದರಮಾವ ದಾರಿ ತಪ್ತಾನಂತೆ!"

"ನನ್ನ ತಮ್ಮ ಯಾವತ್ತು ದಾರಿಗೆ ಬಂದಿದ್ದ, ಈಗ ತಪ್ಪೋಕೆ?" ಅಂದಳು ಇವಳು.

ಕುಂಬಾರ ಅಂಗಳದಲ್ಲಿ ತಿಗರಿಯ ಚಕ್ರದ ಮುಂದೆ ಕೂತಿರುತ್ತಿದ್ದ. ಹಿತ್ತಲಿನಿಂದ ಹೂಂ, ಹೂಂ ಎಂಬುದು ಮಾತ್ರ ಅವನಿಗೆ ಕೇಳುತ್ತಿತ್ತು. ಕತೆ ಕೇಳುತ್ತಿರಲಿಲ್ಲ. ಮಣ್ಣು ತರಲು ಎದ್ದು ಹಿತ್ತಲ ಬಾಗಿಲಿಗೆ ಬಂದಾಗ ಅವನು ಕೆಮ್ಮುತ್ತಿದ್ದ. ಕೆಮ್ಮಿದ ಕೂಡಲೇ ಕತೆ ನಿಲ್ಲುತ್ತಿತ್ತು. ಮಕ್ಕಳ ಕಾಲು ಮಾತ್ರ ಆಡುತ್ತಿದ್ದವು. ಗಂಡಸು ಬಂದಾಗ ಹೆಂಗಸು ಮಕ್ಕಳು ಸುಮ್ಮನಾಗುವುದು ಮರ್ಯಾದೆ ಎಂದು ಅವನು ತಿಳಿದಿದ್ದ.

ಒಂದು ಮಾಗಿಯಲ್ಲಿ ಅವಳಿಗೆ ಜ್ವರ ಬಂತು. ಏಳುತ್ತಾಳೆ ಅಂದುಕೊಂಡಿದ್ದರು. ಏಳಲಿಲ್ಲ.

ಕುಂಬಾರ ಅಳಲಿಲ್ಲ. ಅಳುವುದು ಹೇಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಗುಂಡಿಯ ಅಂಚಿನಲ್ಲಿ ಅವಳು ಕೂರುತ್ತಿದ್ದ ಕಡೆ ನೆಲ ಸ್ವಲ್ಪ ತಗ್ಗಾಗಿತ್ತು. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತಿತ್ತು. ಅವನು ಅದನ್ನು ಮುಚ್ಚಲಿಲ್ಲ. ಅದರ ಮೇಲೆ ಕಾಲಿಡಲೂ ಇಲ್ಲ. ಸುತ್ತಿ ಹೋಗುತ್ತಿದ್ದ.

ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಮಕ್ಕಳು ಮಣ್ಣು ತುಳಿದರು. ಅವನು ತಿಗರಿ ತಿರುಗಿಸಿದ. ಆವಿಗೆ ಹಚ್ಚಿದ. ಆರಿದ ಮೇಲೆ ತೆಗೆದು ಒಂದೊಂದನ್ನೇ ಮೊಟಕಿದ. ಬೊದ್. ಇನ್ನೊಂದು. ಬೊದ್. ಸಾಲು ಸಾಲು ಬೊದ್. ಗಟ್ಟಿ ಉಳಿದದ್ದು ಬೆರಳೆಣಿಕೆಯಷ್ಟು. ಮತ್ತೊಮ್ಮೆ ಮಣ್ಣು ತಂದ. ಮತ್ತೊಮ್ಮೆ ಸುಟ್ಟ. ಮತ್ತೂ ಅದೇ ಆಯಿತು. ಇವನ ಗಡಿಗೆಗೆ ಏನೋ ಬಂದಿದೆ ಎಂದು ಸಂತೆಯಲ್ಲಿ ಜನ ಬೇರೆ ಕುಂಬಾರನ ಕಡೆ ನಡೆದರು.

ಕುಂಬಾರ ಹಿತ್ತಲಿಗೆ ಬಂದ. ಕೆಮ್ಮಿದ. ಮಕ್ಕಳು ಗುಂಡಿಯಲ್ಲಿ ನಿಂತಿದ್ದರು.

"ಏನು ತುಳೀತಿದ್ದೀರಿ? ಕಾಲಿಗೆ ಕಸುವಿಲ್ಲವಾ?"

ಮಗಳು ತಲೆ ಎತ್ತಿದಳು. ಅವಳಿಗೆ ತಾಯಿಯ ಬಾಯಿ ಬಂದಿತ್ತು. "ಕತೆ ಇಲ್ಲದೆ ಕಾಲು ಆಡಲ್ಲ ಅಪ್ಪ. ಹೂಂ ಅಂದರೆ ತಾನೇ ತುಳಿಯೋದು? ಯಾರಿಗೆ ಹೂಂ ಅನ್ನೋಣ?"

ಕುಂಬಾರನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಹೂಂ ಎಂಬ ಸದ್ದು ನಿಂತುಹೋಗಿದೆ ಎಂದು ಅವನಿಗೆ ಆಗಲೇ ತಿಳಿದದ್ದು. ತಿಗರಿಯ ಮುಂದೆ ಕೂತಾಗೆಲ್ಲ ಏನೋ ಕಡಿಮೆಯಾಗಿದೆ ಅನ್ನಿಸುತ್ತಿತ್ತು. ಅದೇನೆಂದು ಗೊತ್ತಾಗಿರಲಿಲ್ಲ.

ಅವನು ಗುಂಡಿಯ ಅಂಚಿಗೆ ಬಂದ. ಹೆಂಡತಿಯ ಜಾಗ ಬಿಟ್ಟು ಪಕ್ಕದಲ್ಲಿ ಕೂತ.

"ನಾನೇ ಹೇಳ್ತೀನಿ. ಎಲ್ಲಿಗೆ ನಿಂತಿತ್ತು?"

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು.

"ಮೊದಲಿಂದ ಹೇಳದೆ ನಿನಗೆ ಹೆಂಗೆ ಗೊತ್ತಾಗುತ್ತೆ?" ಅಂದಳು ಮಗಳು. "ಒಬ್ಬ ರಾಜ ಇದ್ದ."

"ಹೂಂ," ಅಂದ ಕುಂಬಾರ. ಅವನ ಬಾಯಿಂದ ಆ ಹೂಂ ಬಂದದ್ದು ಅದೇ ಮೊದಲು. ಹುಡುಗನಿಗೆ ನಗು ಬಂತು.

"ಆ ರಾಜನಿಗೆ ಯಾವುದನ್ನೂ ಮೊಟಕಿ ನೋಡದೆ ನಂಬಿಕೆ ಇಲ್ಲ. ಅರಮನೆ ಕಂಬ ಮೊಟಕೋನು. ಆನೆ ಕೊಂಬು ಮೊಟಕೋನು. ಮಂತ್ರಿ ಬಂದರೆ ಮಂತ್ರಿ ತಲೆ ಮೊಟಕೋನು. ಮಂತ್ರಿ ಜಾಣ. ರಾಜ ಕೈ ಎತ್ತಿದ ಕೂಡಲೇ ಕಣ್ಣು ಮುಚ್ಚಿಕೊಂಡು ತಾನೇ ಬಾಯಲ್ಲಿ ಠಣ್ ಅಂತಿದ್ದ. ರಾಜ, ಭೇಷ್, ಗಟ್ಟಿ ಮಂತ್ರಿ ಅಂತಿದ್ದ."

ಕುಂಬಾರ ನಕ್ಕ. ಹೆಂಡತಿ ಸತ್ತ ಮೇಲೆ ಅವನು ನಕ್ಕಿರಲಿಲ್ಲ. ಇಂಥ ಕತೆ ಹೇಳುತ್ತಿದ್ದಳೇ ಎಂದು ಅವನಿಗೆ ಹಿಗ್ಗಾಯಿತು.

"ಆಮೇಲೆ?"

"ಆಮೇಲೆ ಸೇನಾಪತಿ ಠಣ್ ಅಂದ. ಅಡುಗೆಯವನೂ ಠಣ್ ಅಂದ. ಎಲ್ಲರೂ ಕಲಿತುಬಿಟ್ಟರು. ರಾಜನಿಗೆ ಒಬ್ಬ ಮಗ ಇದ್ದ. ಚಿಕ್ಕವನು. ಅವನಿಗೆ ಬಾಯಲ್ಲಿ ಠಣ್ ಅನ್ನಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ತುಂಬಿದ ಸಭೆಯಲ್ಲಿ ರಾಜ ಅವನ ತಲೆ ಮೊಟಕಿದ. ಸದ್ದು ಬರಲಿಲ್ಲ. ಇದು ಒಡಕು ಅಂದ. ಸಭೆ ನಕ್ಕಿತು. ರಾಣಿಯೂ ನಕ್ಕಳು. ನಗದಿದ್ದರೆ ರಾಜನಿಗೆ ಸಿಟ್ಟು ಬರುತ್ತಲ್ಲ, ಅದಕ್ಕೆ. ಕೊನೆಗೆ ರಾಜಕುಮಾರನೂ ನಕ್ಕ."

ಕುಂಬಾರನ ನಗು ಮುಖದ ಮೇಲೆ ಹಾಗೇ ನಿಂತಿತು. ಒಳಗೆ ಇರಲಿಲ್ಲ.

"ರಾಜ ಅಂತಃಪುರಕ್ಕೆ ಬರೋ ಮುಂಚೆ ಬಾಗಿಲಲ್ಲಿ ಕೆಮ್ಮೋನು," ಎಂದು ಮಗಳು ಹೇಳಿದಳು. "ಆಗ ರಾಣಿ ಹೇಳ್ತಿದ್ದ ಮಾತು ಅರ್ಧಕ್ಕೇ ನಿಲ್ಲಿಸೋಳು. ಅಲ್ಲಿನ ಗಿಳಿ ಕೂಡ ಕೊಕ್ಕು ಮುಚ್ಚಿಕೊಳ್ತಿತ್ತು."

ಕುಂಬಾರನ ಗಂಟಲಿನಲ್ಲಿ ಕೆಮ್ಮು ಬಂದಿತ್ತು. ನುಂಗಿದ. ಸುತ್ತ ನೋಡಿದ. ಬೇಲಿಯಾಚೆ ಯಾರೂ ಇರಲಿಲ್ಲ. ಇಷ್ಟು ವರ್ಷ ಇದೇ ಹಿತ್ತಲಿನಲ್ಲಿ, ಒಂದು ಗೋಡೆಯ ಆಚೆ, ತನ್ನ ಹೆಂಡತಿ ತನ್ನನ್ನು ಹೀಗೆ ಆಡಿಕೊಂಡಳೇ? ತನ್ನ ಮಕ್ಕಳು ಇದಕ್ಕೆ ಹೂಂ ಅಂದರೇ? ಅದೇ ಹೂಂ ಕೇಳುತ್ತಾ ತಾನು ನೆಮ್ಮದಿಯಾಗಿ ತಿಗರಿ ತಿರುಗಿಸಿದೆನೇ?

ಮಕ್ಕಳ ಮುಖ ನೋಡಿದ. ಅವರ ಮುಖದಲ್ಲಿ ಕೊಂಕು ಇರಲಿಲ್ಲ. ಅವರಿಗೆ ರಾಜ ರಾಜನೇ ಆಗಿದ್ದ.

"ಮುಂದೆ ಹೇಳು," ಅಂದ. ದನಿ ತನ್ನದಲ್ಲ ಅನ್ನಿಸಿತು.

"ರಾಜಕುಮಾರನಿಗೂ ಅದೇ ಅಭ್ಯಾಸ ಆಯಿತು. ನಾಯಿಮರಿ ಮೊಟಕೋನು. ಮಾವಿನಕಾಯಿ ಮೊಟಕೋನು. ಯಾರಾದರೂ ನಿನ್ನ ಕಂಡರೆ ನನಗಿಷ್ಟ ಅಂದರೆ, ಮಾತಿನೊಳಗೆ ಎಲ್ಲಿ ಬಿರುಕಿದೆ ಅಂತ ಕಿವಿಗೊಟ್ಟು ಕೇಳೋನು. ಯಾರೂ ಇಲ್ಲದಾಗ ಕುದುರೆ ಲಾಯದ ಹಿಂದೆ ಕೂತು, ತನ್ನ ತಲೆಗೆ ತಾನೇ ಮೊಟಕಿಕೊಂಡು ಕೇಳೋನು. ಠಣ್ ಅನ್ನುತ್ತಾ ಅಂತ."

ಕುಂಬಾರ ತಟ್ಟನೆ ತಲೆ ಎತ್ತಿದ.

ಇದನ್ನು ಅವನ ಮಗ ಮಾಡಿದ್ದಲ್ಲ. ಇದನ್ನು ಮಾಡಿದವನು ಕುಂಬಾರನೇ. ಚಿಕ್ಕಂದಿನಲ್ಲಿ, ಅಪ್ಪ ಸಂತೆಯಲ್ಲಿ ತಲೆಗೆ ಮೊಟಕಿ ಒಡಕು ಅಂದ ದಿನ, ಮನೆಗೆ ಬಂದು ಆವಿಗೆಯ ಹಿಂದೆ ಕೂತು ಮಾಡಿದ್ದ. ಯಾರೂ ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಒಮ್ಮೆ ಹೇಳಿದ್ದ. ನಗುತ್ತಾ ಹೇಳಿದ್ದ. ಅವಳು ನಕ್ಕಿರಲಿಲ್ಲ. ಹತ್ತಿರ ಬಂದು ಅವನ ಕೂದಲು ಸರಿಸಿ ನೋಡಿದ್ದಳು, ಇನ್ನೂ ಗಾಯ ಇದೆಯೇನೋ ಎಂಬಂತೆ.

ಅವನು ರಾಜನನ್ನು ತಾನೆಂದುಕೊಂಡಿದ್ದ. ಅವಳು ಕಟ್ಟಿದ್ದು ರಾಜನ ಕತೆಯಲ್ಲ. ಲಾಯದ ಹಿಂದೆ ಕೂತವನ ಕತೆ.

ಕುಂಬಾರ ಪಕ್ಕದ ತಗ್ಗನ್ನು ನೋಡಿದ.

"ಆಮೇಲೆ ಅವನು ದೊಡ್ಡವನಾದ," ಅಂದಳು ಮಗಳು. "ರಾಜ ಸತ್ತ. ಇವನೇ ರಾಜ ಆದ. ಮದುವೆ ಆಯಿತು. ಒಂದು ಗಂಡುಮಗು ಹುಟ್ಟಿತು. ಮಗುವನ್ನ ಬಟ್ಟೆಯಲ್ಲಿ ಸುತ್ತಿ ಸಭೆಗೆ ತಂದರು. ಇವನು ಸಿಂಹಾಸನದಿಂದ ಇಳಿದು ಬಂದ. ಮಗುವಿನ ತಲೆ ಮೇಲೆ ಗೆಣ್ಣು ಎತ್ತಿದ. ಅಲ್ಲಿಗೆ ನಿಂತಿದೆ. ನಾಳೆ ಹೇಳ್ತೀನಿ ಅಂದಳು ಅವ್ವ. ಆ ನಾಳೆಗೇ ಜ್ವರ ಬಂತು."

ಮಕ್ಕಳು ಮಣ್ಣಿನಲ್ಲಿ ಮೊಣಕಾಲುದ್ದ ನಿಂತು ಅವನನ್ನೇ ನೋಡುತ್ತಿದ್ದರು. ಆ ಗೆಣ್ಣು ಅಷ್ಟು ಕಾಲದಿಂದ ಮಗುವಿನ ತಲೆಯ ಮೇಲೆ ಎತ್ತಿದ್ದು ಎತ್ತಿದ ಹಾಗೇ ಇತ್ತು. ಅದನ್ನು ಇಳಿಸುವ ಕೆಲಸ ಈಗ ಇವನದು.

"ಎತ್ತಿದ ಕೈ ಇಳಿಸಿದ," ಅಂದ ಕುಂಬಾರ. "ಮಗುವನ್ನ ಎತ್ತಿಕೊಂಡು ಮುದ್ದಿಸಿದ."

ಯಾರೂ ಹೂಂ ಅನ್ನಲಿಲ್ಲ. ಕಾಲು ಏಳಲಿಲ್ಲ.

"ಯಾಕೆ? ಕೇಳಿಸಲಿಲ್ಲವಾ?"

"ಕೇಳಿಸ್ತು," ಅಂದಳು ಮಗಳು. "ಮುದ್ದಿಸೋದು ಅವನಿಗೆ ಯಾರು ಕಲಿಸಿದರು? ಆ ಮನೆಯಲ್ಲಿ ಯಾರೂ ಮುದ್ದಿಸಿದ್ದು ಅವ್ವ ಹೇಳಿಲ್ಲ."

"ಒಬ್ಬ ಸನ್ಯಾಸಿ ಬಂದ. ಬುದ್ಧಿ ಹೇಳಿದ."

"ಸನ್ಯಾಸಿಯ ತಲೆಯನ್ನೂ ಮೊಟಕಿರ್ತಾನೆ. ಅವನೂ ಠಣ್ ಅಂದು ಹೊರಟುಹೋಗಿರ್ತಾನೆ."

"ಹೆಂಡತಿ ಕೈ ಹಿಡಿದು ತಡೆದಳು."

"ಅವಳು ರಾಣಿ. ರಾಣಿಯರು ನಗ್ತಾರೆ ಅಂತ ಅವನಿಗೆ ಗೊತ್ತು."

"ದೇವರೇ ಬಂದ ಅಂದುಕೊಳ್ಳೆ!" ಕುಂಬಾರನ ದನಿ ಏರಿತು. ಕೂಡಲೇ ಇಳಿಯಿತು. ಮಕ್ಕಳಿಬ್ಬರೂ ತಲೆ ತಗ್ಗಿಸಿದ್ದರು.

ಇಷ್ಟು ಹೊತ್ತು ಹುಡುಗ ಒಂದು ಮಾತೂ ಆಡಿರಲಿಲ್ಲ. ಈಗ ಮಣ್ಣನ್ನು ನೋಡುತ್ತಲೇ ಕೇಳಿದ. "ಅವನು ಸಣ್ಣವನಿದ್ದಾಗ ಅವರಪ್ಪ ಒಂದು ಸಲಾನೂ ಮುದ್ದಿಸಲಿಲ್ಲವಾ? ಒಂದು ಸಲ ಇದ್ದರೂ ಹೇಳು. ನಾನು ಹೂಂ ಅಂತೀನಿ."

ಕುಂಬಾರ ಹುಡುಕಿದ.

ಕೂತಲ್ಲೇ ಹುಡುಕಿದ. ತಾನು ಬೆಳೆದ ಮನೆಯ ಎಲ್ಲ ಮೂಲೆಗೂ ಹೋಗಿ ಬಂದ. ಅಪ್ಪನ ಕೆಮ್ಮು ಸಿಕ್ಕಿತು. ಅಪ್ಪನ ಬೆನ್ನು ಸಿಕ್ಕಿತು. ಸಂತೆಯ ನಗು ಸಿಕ್ಕಿತು. ಬೇರೇನೂ ಸಿಗಲಿಲ್ಲ. ಕೆರೆಯಲ್ಲಿ ಬಿದ್ದ ಉಂಗುರ ಹುಡುಕುವವನ ಹಾಗೆ ಕೈಯಾಡಿಸುತ್ತಲೇ ಇದ್ದ. ಕಡೆಗೆ ಬೆರಳಿಗೆ ಏನೋ ತಾಗಿತು.

"ಒಂದು ಸಲ," ಅಂದ. ನಿಲ್ಲಿಸಿದ. "ಒಂದು ಸಲ ಚಳಿಗಾಲ. ಕೆಸರಿನಲ್ಲಿ ನಿಂತೂ ನಿಂತೂ ಹುಡುಗನ ಕಾಲು ಒಡೆದು ರಕ್ತ ಬಂದಿತ್ತು. ಅವರಪ್ಪ ಬಿಸಿನೀರು ತಂದ. ಕಾಲು ತೊಳೆದ. ಹರಳೆಣ್ಣೆ ಹಚ್ಚಿದ. ಒಂದು ಮಾತೂ ಆಡಲಿಲ್ಲ. ಎದ್ದು ಹೋದ."

"ರಾಜನ ಮಗನ ಕಾಲಿಗೆ ಕೆಸರು ಎಲ್ಲಿಂದ ಬಂತು ಅಪ್ಪ?" ಅಂದಳು ಮಗಳು.

ಕುಂಬಾರನಿಗೆ ಸುಳ್ಳು ಹೇಳಲು ಬರಲಿಲ್ಲ.

"ಅವನು ರಾಜ ಅಲ್ಲ," ಅಂದ.

"ಮತ್ತೆ?"

"ಕುಂಬಾರ. ನಿಮ್ಮಜ್ಜ."

ಮಗಳ ಬಾಯಿ ತೆರೆದೇ ಇತ್ತು. "ಹಂಗಾದ್ರೆ ರಾಜಕುಮಾರ?"

"ನಾನು."

ಮಗಳು ಅಪ್ಪನನ್ನು ನೋಡಿದಳು. ಅಪ್ಪನ ಕೈ ನೋಡಿದಳು. ಇಷ್ಟು ವರ್ಷ ಹೂಂ ಅಂದದ್ದು ಯಾವುದಕ್ಕೆ ಎಂದು ಅವಳಿಗೆ ಒಟ್ಟಿಗೇ ತಿಳಿಯುತ್ತಿತ್ತು. ಆಮೇಲೆ ಅವಳು ತಿರುಗಿ ತಮ್ಮನ ಕಡೆ ನೋಡಿದಳು.

ಹುಡುಗ ಮೆಲ್ಲಗೆ ಕೇಳಿದ. "ಹಂಗಾದ್ರೆ ಆ ಮಗು?"

ಕುಂಬಾರ ಎದ್ದ. ಒಳಗೆ ಹೋದ. ಒಲೆಯ ಮೇಲಿನ ಬಿಸಿನೀರಿಗೆ ತಣ್ಣೀರು ಬೆರೆಸಿ ತಂದ. ಹರಳೆಣ್ಣೆಯ ಕುಡಿಕೆ ತಂದ. ಗುಂಡಿಯ ಹತ್ತಿರ ಬಂದಾಗ ಕೆಮ್ಮಲಿಲ್ಲ. ಹುಡುಗನನ್ನು ತೋಳು ಹಿಡಿದು ಎತ್ತಿ ಅಂಚಿನಲ್ಲಿ ಕೂರಿಸಿದ. ಹೆಂಡತಿ ಕೂರುತ್ತಿದ್ದ ತಗ್ಗಿನಲ್ಲೇ ಕೂರಿಸಿದ. ತಾನು ಕೆಳಗೆ, ಮಣ್ಣಿನಲ್ಲಿ ಮೊಣಕಾಲೂರಿದ.

ಹುಡುಗನ ಕಾಲು ಒಡೆದಿದ್ದವು. ಕುಂಬಾರ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ತೊಳೆದ. ಬೆರಳ ಸಂದಿಯ ಮಣ್ಣು ತೆಗೆದ. ಎಣ್ಣೆ ಹಚ್ಚಿದ. ಹುಡುಗ ಉಸಿರು ಬಿಗಿಹಿಡಿದು ಕೂತಿದ್ದ. ಅಪ್ಪನ ಮುಖ ನೋಡಲಿಲ್ಲ. ಅಪ್ಪನ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅವನ ಕಣ್ಣು ಹೋಗುತ್ತಿತ್ತು.

ಕಾಲು ತೊಳೆದದ್ದಾಯಿತು. ಕುಂಬಾರನಿಗೆ ಎದ್ದು ಹೋಗಬೇಕು ಅನ್ನಿಸಿತು. ಅವನ ಅಪ್ಪ ಹಾಗೇ ಎದ್ದು ಹೋಗಿದ್ದ. ಅದರ ಮುಂದೆ ಏನು ಮಾಡಬೇಕು ಎಂಬುದು ಅವನು ಕಂಡದ್ದಲ್ಲ, ಕೇಳಿದ್ದಲ್ಲ. ಆದರೂ ಅವನು ಏಳಲಿಲ್ಲ. ಹೆಂಡತಿ ತನ್ನ ಕೂದಲು ಸರಿಸಿದ್ದು ನೆನಪಾಯಿತು.

ಹುಡುಗನ ತಲೆ ಸವರಬೇಕೆಂದು ಕೈ ಎತ್ತಿದ.

ಹುಡುಗ ಕಣ್ಣು ಮುಚ್ಚಿದ. ಕುತ್ತಿಗೆ ಹೆಗಲೊಳಗೆ ಸರಿಯಿತು.

ಅವನ ಬಾಯಿಂದ ಒಂದು ಸದ್ದು ಬಂತು.

"ಠಣ್."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಒಂದು ಅವರೆಕಾಯಿ ಬಿಡಿಸಿದರು.

ಶಿಷ್ಯ ಕಾದ. ಅವನು ಹೂಂ ಅನ್ನುವುದನ್ನು ಬಿಟ್ಟು ಬಹಳ ಹೊತ್ತಾಗಿತ್ತು. ಅದು ಅವನಿಗೇ ಗೊತ್ತಿರಲಿಲ್ಲ.

"ಆಮೇಲೆ, ಗುರುಗಳೇ? ಕುಂಬಾರನ ಕೈ? ಆ ಹುಡುಗ ಕೊನೆಗೆ ಹೂಂ ಅಂದನೇ?"

ಗುರುಗಳು ತಲೆ ಎತ್ತದೆ ಹೇಳಿದರು.

"ಮನೆಗೆ ಹೋಗು, ನಿನ್ನ ಮಗನ ತಲೆ ಸವರಲು ಕೈ ಎತ್ತು, ಅವನು ಕಣ್ಣು ಮುಚ್ಚುತ್ತಾನೋ ನೋಡು."